‘ಬರ್ತೇನಿ’ ಅಂದು ಹೋದರೆ

“ನೀವು ‘ಬರ್ತೇನಿ’ ಅಂತೀರಿ, ಹೋಗಿಬಿಡ್ತೀರಿ! ಕೂಸು ಈಗ ಬರ್ತೀರಂತ ಬಾಗಲದಾಗ ಕಾಯತೈತ್ರಿ,” ಎಂದು ನೆಹರು ನಗರದ ಆಪ್ತಸಮಾಲೋಚಕಿ ನಕ್ಕಾಗ ನಾನು ದಂಗಾದೆ. ಖಾನಾಪುರದ ಮನೆಯಿಂದ ನಾನು ಬೆಳಗಾವಿಗೆ ಕೆಲಸಕ್ಕೆ ಹೊರಟರೆ ಸಾಕು, ಮೂರು ವರ್ಷದ ಮಗಳು ದುಪಟ್ಟಾ ಹಿಡಿದು ಅತ್ತು ಕರೆಯುತ್ತಿದ್ದಳು. “ಹೋಗೂದನ್ನ ಖರೇ ಹೇಳ್ರಿ, ಬರೂ ಹೊತ್ತೂ ಹೇಳ್ರಿ,” ಎಂದರು ಅವರು.

ಮರುದಿನ, “ಹೋಗ್ತೇನಿ, ದೀಪ ಹಚ್ಚೂ ಹೊತ್ತಿಗೆ ಬರ್ತೇನಿ,” ಎಂದೆ. “ಹಂಗ ‘ಹೋಗ್ತೇನಿ’ ಅನಬಾರದವಾ!” ಎಂದು ಅತ್ತೆ ಗದರಿದರು. ಮಗಳು ಅತ್ತಳು. ಆದರೆ ಸಂಜೆ ನಾನು ಬರುವಾಗ ನಗುತ್ತ ದೀಪದ ಮುಂದೆ ಕುಳಿತಿದ್ದಳು.

ಅವಳು ಅತ್ತ ದಿನಕ್ಕೊಂದು ಗೀಟು ಹಾಕುತ್ತಿದ್ದ ನನ್ನ ಡೈರಿಯಲ್ಲಿ ಈಗ ಗೀಟುಗಳೇ ಅಪರೂಪ. ನಿನ್ನೆ ಅಂಗನವಾಡಿಗೆ ಹೊರಟ ಮಗಳು ಅತ್ತೆಯ ಗಲ್ಲ ಸವರಿದಳು: “ಆಯಿ, ಹೋಗ್ತೇನಿ! ಊಟಕ್ಕ ಬರ್ತೇನಿ. ಅಳಬ್ಯಾಡ!”