ಹೆಣ್ಣು ನೋಡಲು ಬಂದವರಿಗೆ ಗಾಮಾ ಸ್ಫೋಟ

ಕಮಲಾಪುರದವರು ನನ್ನನ್ನು ನೋಡಲು ಕಲಬುರಗಿಯ ನಮ್ಮ ಮನೆಗೆ ಬರುವವರಿದ್ದರು. ಆಗ ನಾನು ಗಾಮಾ ಕಿರಣ ಸ್ಫೋಟಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಮುಂಜಾನೆಯಿಂದ ಅವ್ವನದು ಒಂದೇ ಮಾತು: "ಸಾಯೋ ನಕ್ಷತ್ರದ ಸುದ್ದಿ ತೆಗೀಬ್ಯಾಡ. ಫಿಜಿಕ್ಸ್ ಅಂದ್ರ ಸಾಕು."

ಬಂದವರಿಗೆ ಮಂಡಕ್ಕಿ ಸುಸಲಾದ ತಟ್ಟೆ ಕೊಟ್ಟು ಕೂತೆ. ಹುಡುಗನ ಅಜ್ಜಿ ಕೇಳಿದರು, "ಏನ್ ಓದಾಕತ್ತೀದಿ, ತಂಗಿ?"

"ಫಿಜಿಕ್ಸ್ ರೀ."

"ಅದರಾಗ ಏನು?"

ಅವ್ವನ ಮುಖ ನೋಡದೆ ಹೇಳಿಬಿಟ್ಟೆ. ದೊಡ್ಡ ನಕ್ಷತ್ರವೊಂದು ಉರಿದು ಮುಗಿದಾಗ ಅದರ ನಡುಭಾಗ ಕುಸಿಯುತ್ತದೆ. ಅಲ್ಲಿಂದ ಎರಡು ಕಡೆ ಕಾರಂಜಿಯಂತೆ ದ್ರವ್ಯ ಚಿಮ್ಮುತ್ತದೆ. ಗಾಮಾ ಬೆಳಕು ಹುಟ್ಟುವುದು ಆ ಕಾರಂಜಿಯಲ್ಲಿ.

ಅಜ್ಜಿ ಗಾಬರಿಯಾದರು. "ನಮ್ಮ ಬಾಳಿ ತ್ವಾಟಕ್ಕ ಏನೂ ಆಗಂಗಿಲ್ಲಲ್ಲ?"

"ಇಲ್ರೀ ಅಜ್ಜಿ, ಭಾಳ ದೂರ ಅದ. ಬಂದ ಬೆಳಕನ್ನೂ ನಮ್ಮ ಗಾಳಿ ಮ್ಯಾಲೇ ತಡೀತದ. ಅದಕ್ಕ ಉಪಗ್ರಹದಾಗ ಹಿಡೀತಾರ."

ಹುಡುಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ. ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದವನು ಈಗ ಮುಂದಕ್ಕೆ ಸರಿದ. "ಆ ಬೆಳಕು ಹ್ಯಾಂಗ ಹುಟ್ಟತದ್ರೀ?"

ನಾನು ಹಳೇ ಪೇಪರಿನ ಅಂಚಿನಲ್ಲಿ ರೋಹಿತದ, ಅಂದರೆ ಯಾವ ಶಕ್ತಿಯಲ್ಲಿ ಎಷ್ಟು ಬೆಳಕು ಎಂಬುದರ, ಗೆರೆ ಎಳೆದೆ: ಶಕ್ತಿ ಹೆಚ್ಚಿದಂತೆ ಏರಿ, ಶಿಖರ ಮುಟ್ಟಿ, ಇಳಿಯುವ ಗುಡ್ಡ. "ಎಲೆಕ್ಟ್ರಾನು ಕಾಂತಕ್ಷೇತ್ರದಾಗ ಸುರುಳಿ ಸುತ್ತಿ ಬೆಳಕು ಚೆಲ್ಲಿದ್ರ, ಈ ಏರು ಒಂದು ಮಿತಿ ದಾಟಿ ಕಡಿದಾಗಬಾರದು. ಕೆಲವು ಸ್ಫೋಟದಾಗ ದಾಟ್ಯದ. ಅಲ್ಲಿ ಕಾದ ಅನಿಲದ ಬೆಳಕೂ ಇರಬಹುದು, ನಿಗಿನಿಗಿ ಕೆಂಡ ಹೊಳೆದಂಗ."

"ಎರಡರಾಗ ಯಾವುದು ಖರೇ?"

"ಅದೇ ಇನ್ನೂ ಗೊತ್ತಿಲ್ರೀ. ನೋಡಾಕತ್ತೀನಿ."

ಅವ್ವ ಒಳಗೆ ಹೋಗಿ ಪಾತ್ರೆ ಸಪ್ಪಳ ಮಾಡಿದಳು. ಅವರು ಹೊರಟ ಮೇಲೆ, "ಎಲ್ಲಾ ಕೆಡಿಸಿದಿ" ಎಂದಳು. ನನಗೂ ಹಾಗೇ ಅನ್ನಿಸಿತು. ಹುಡುಗ ನನಗೆ ಮನಸ್ಸಿಗೆ ಬಂದಿದ್ದ.

ಸಂಜೆಯೇ ಅಜ್ಜಿಯ ಫೋನು ಬಂತು. ಅಪ್ಪ ಸ್ಪೀಕರ್ ಹಚ್ಚಿದರು. "ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅಂದಳು ನೋಡ್ರಿ, ಹುಡುಗಿ ನಮಗ ಪಸಂದ್ ಅದಾಳ. ನಮ್ಮ ಹುಡುಗ ಬಂದಾಗಿಂದ ಗುಡ್ಡದ ಚಿತ್ರ ತೆಗಿಯಾಕತ್ಯಾನ!"

ಮದುವೆಗೆ ಮೊದಲು ಎರಡೂ ಮನೆಯವರು ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಗೆ ಸೀರೆ ಕೊಳ್ಳಲು ಹೋದೆವು. ಗದ್ದಲದ ನಡುವೆ ಅವನು ಮೆಲ್ಲಗೆ ಕೇಳಿದ, "ಎರಡೂ ಬೆಳಕು ಕೂಡೇ ಬಂದ್ರ?"

ಆ ವಾರ ನಾನೂ ಅದೇ ಲೆಕ್ಕದಲ್ಲಿ ಮುಳುಗಿದ್ದೆ. ಒಂದು ಸ್ಫೋಟದ ರೋಹಿತಕ್ಕೆ ಎರಡನ್ನೂ ಕೂಡಿಸಿದಾಗ ಗೆರೆ ಚೆನ್ನಾಗಿ ಹೊಂದಿತ್ತು. ಹೇಳುತ್ತಾ ಹೇಳುತ್ತಾ ಅಂಗಡಿಯಾತ ಹರವಿದ್ದ ಸೀರೆಗಳನ್ನೇ ಮರೆತೆವು. ಕೊನೆಗೆ ಅವ್ವನೇ ಒಂದು ಆರಿಸಿದಳು. ಹಸಿರು, ಚೆಂದ ಇತ್ತು.