ಹನ್ನೊಂದು ಆಲ್ಬಮ್ಮಿನ ಚಕ್ಕುಬಂದಿ

ಲಗ್ಗೆರೆಯ ನಮ್ಮ ಬೀದಿಯಲ್ಲಿ ಯಾರಿಗೆ ವಿಲ್ ಬರೆಸಬೇಕಾದರೂ ಮೊದಲು ನನ್ನ ಮನೆಯ ಬೆಲ್ ಒತ್ತುತ್ತಾರೆ. ನಾನು ವಕೀಲನಲ್ಲ. ಪೀಣ್ಯದ ಪಂಪ್ ಫ್ಯಾಕ್ಟರಿಯೊಂದರಲ್ಲಿ, ಹಾಜರಿ ಬರೆಯುವ ಟೈಂ ಆಫೀಸಿನಲ್ಲಿ, ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದವನು. ಅಕ್ಷರ ದುಂಡಗಿದೆ, ‘ತಕ್ಕದ್ದು’, ‘ಕೂಡದು’ ಎಂದು ಬರೆಯಲು ಬರುತ್ತದೆ, ಅಷ್ಟೇ. ನನಗೀಗ ಅರವತ್ತೆಂಟು. ಯಾವ ಮಗನಿಗೆ ಮೇಲಿನ ಮಹಡಿ, ಯಾವ ಮಗನಿಗೆ ಕೆಳಗಿನದು, ಸಂಪಿನ ನೀರು ಯಾರ ಪಾಲಿಗೆ ಎಂದು ಬರೆದೂ ಬರೆದೂ ಕೈಯೂ ಸೋತಿದೆ, ಮನಸ್ಸೂ ಸೋತಿದೆ. ಹಾಗಾಗಿ ನರಸಿಂಹಯ್ಯನವರು ಒಂದು ಬೆಳಿಗ್ಗೆ ಬಂದು ಕುಳಿತು, ಒಂದು ಪತ್ರ ಬರೆಯಬೇಕಲ್ಲ ವಿಶ್ವ ಎಂದಾಗ, ಇವರೂ ಹೊರಟರಲ್ಲಪ್ಪ ಎಂದು ನನಗೆ ಬೇಸರವೇ ಆಯಿತು.

ಅವರ ಮನೆ ಮಗ ಮುನೀಂದ್ರನ ಹೆಸರಿಗೆ ಆಗಿ ಎಂಟು ವರ್ಷವಾಗಿತ್ತು. ಇನ್ನೇನು ಉಳಿದಿದೆ ಎಂದು ಕೇಳಿದೆ.

“ಸ್ಟ್ಯಾಂಪು,” ಎಂದರು. “ಹನ್ನೊಂದು ಆಲ್ಬಮ್ಮು. ನಾನು ಸತ್ಮೇಲೆ ಅವು ಯಾರಿಗೆ ಅಂತ ಬರಿ. ಜಮೀನಿಗೆ ಬರೆದಂಗೆ ಗಟ್ಟಿಯಾಗಿ ಬರಿ.”

ನರಸಿಂಹಯ್ಯನವರು ನಮ್ಮ ಫ್ಯಾಕ್ಟರಿಯ ಟಪಾಲು ವಿಭಾಗದಲ್ಲಿದ್ದವರು. ನನಗಿಂತ ನಾಲ್ಕು ವರ್ಷ ದೊಡ್ಡವರು. ಅವರ ಅಪ್ಪನ ರಾಗಿ ಹೊಲ ಕೈಗಾರಿಕೆಗೆ ಹೋದಾಗ, ಮನೆಗೊಬ್ಬರಿಗೆ ಕೆಲಸ ಎಂಬ ಮಾತಿನ ಮೇಲೆ ಒಳಗೆ ಬಂದರು. ಲೇತ್ ಯಂತ್ರದ ಕೆಲಸಕ್ಕೆ ಹಾಕಿದರೆ ಬೆರಳು ಕಳೆದುಕೊಂಡಾರೆಂದು ಮೇಸ್ತ್ರಿ ಹೆದರಿ ಅವರನ್ನು ಟಪಾಲಿಗೆ ದಬ್ಬಿದ. ಅಲ್ಲಿ ಜರ್ಮನಿಯಿಂದ, ಜಪಾನಿನಿಂದ, ಹೆಸರೂ ಕೇಳದ ಊರುಗಳಿಂದ ಕವರುಗಳು ಬರುತ್ತಿದ್ದವು. ಕಾಗದ ಒಳಗೆ ಹೋಗುತ್ತಿತ್ತು, ಕವರು ಕಸದ ಬುಟ್ಟಿಗೆ. ಮ್ಯಾನೇಜರನ್ನು ಕೇಳಿಕೊಂಡು ಇವರು ಆ ಕವರಿನ ಮೂಲೆಗಳನ್ನು ಹರಿದು ಊಟದ ಡಬ್ಬಿಯಲ್ಲಿ ಮನೆಗೆ ತರುತ್ತಿದ್ದರು. ಭಾನುವಾರ ಸ್ಟೀಲ್ ತಟ್ಟೆಯಲ್ಲಿ ನೀರು ಹಾಕಿ ನೆನೆಸಿ, ಸ್ಟ್ಯಾಂಪು ತಾನಾಗಿ ಬಿಟ್ಟುಕೊಂಡ ಮೇಲೆ ಪೇಪರಿನ ಮೇಲೆ ಮಗುಚಿ ಒಣಗಿಸುತ್ತಿದ್ದರು. ಆ ತಟ್ಟೆಯಲ್ಲಿ ಮನೆಯವರು ಯಾರೂ ಊಟ ಮಾಡುವಂತಿರಲಿಲ್ಲ. ಒಂದು ಪಾಸ್‌ಪೋರ್ಟ್ ಕೂಡ ಮಾಡಿಸದ ಮನುಷ್ಯ, ಪುಟ ತಿರುಗಿಸುತ್ತ ಕುಳಿತರೆ ಕರೆದರೂ ಕೇಳಿಸುತ್ತಿರಲಿಲ್ಲ.

ಮೊದಲ ಸಾಲಿನಲ್ಲೇ ‘ಸ್ವಯಾರ್ಜಿತ’ ಎಂದು ಬರೆಯಬೇಕೆಂದು ಪಟ್ಟು ಹಿಡಿದರು. ತಾವೇ ದುಡಿದು ಮಾಡಿದ ಆಸ್ತಿಗೆ ಹಾಗೆ ಬರೆಯುತ್ತೇವೆ. ಕಸದ ಬುಟ್ಟಿಯಿಂದ ತೆಗೆದದ್ದಲ್ಲವೇ ಎಂದು ಕಿಚಾಯಿಸಿದೆ. ಅಪ್ಪನಿಂದ ಬಂದದ್ದನ್ನೆಲ್ಲ ಅಣ್ಣತಮ್ಮಂದಿರು ಹಂಚಿಕೊಂಡರು, ಇದೊಂದೇ ತಾನು ಮಾಡಿದ್ದು ಎಂದರು. ಆಮೇಲೆ ಚಕ್ಕುಬಂದಿಯೂ ಬೇಕೆಂದರು. ಚಕ್ಕುಬಂದಿ ಎಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ. ಅದಿಲ್ಲದೆ ನಮ್ಮ ಕಡೆ ಯಾವ ಪತ್ರವೂ ಪತ್ರವಲ್ಲ. ಸರಿ, ಬರೆದೆ. ಬೀರುವಿನ ಎರಡನೇ ಅರೆಯಲ್ಲಿರುವ ಸದರಿ ಆಲ್ಬಮ್ಮುಗಳಿಗೆ ಪೂರ್ವಕ್ಕೆ ಈಶ್ವರಮ್ಮನವರ ರೇಷ್ಮೆ ಸೀರೆಗಳು, ಪಶ್ಚಿಮಕ್ಕೆ ಬೀರುವಿನ ತಗಡು, ಉತ್ತರಕ್ಕೆ ಗೋಡೆ, ದಕ್ಷಿಣಕ್ಕೆ ಬಾಗಿಲು. ಈಶ್ವರಮ್ಮ ಅವರ ಹೆಂಡತಿ, ನಾನು ಅತ್ತಿಗೆ ಎನ್ನುತ್ತೇನೆ. ಯಾರಿಗೆ ಸೇರತಕ್ಕದ್ದು ಎಂಬಲ್ಲಿ ಮಾತ್ರ ಜಾಗ ಖಾಲಿ ಬಿಟ್ಟೆ.

ಈ ಪತ್ರದ ಹುಚ್ಚು ಹತ್ತಿದ್ದು ಜಿಗಣಿಯ ಶ್ಯಾಮಣ್ಣನಿಂದ. ಅವನೂ ಸ್ಟ್ಯಾಂಪು ಕೂಡಿಸುತ್ತಿದ್ದ. ವರ್ಷಕ್ಕೆರಡು ಸಲ ಇಬ್ಬರೂ ಸೇರಿ, ಒಬ್ಬರಲ್ಲಿ ಎರಡಿದ್ದದ್ದನ್ನು ಇನ್ನೊಬ್ಬರಿಗೆ ಕೊಟ್ಟು ತೆಗೆದುಕೊಂಡು ಮಾಡುತ್ತಿದ್ದರು. ಎರಡು ವರ್ಷದ ಹಿಂದೆ ಅವನು ತೀರಿಕೊಂಡ. ಸಾವಿನ ಮನೆಯಲ್ಲಿ ಸ್ಟ್ಯಾಂಪಿನ ಮಾತೆತ್ತುವುದು ಹೇಗೆಂದು ನರಸಿಂಹಯ್ಯನವರು ಸುಮ್ಮನಿದ್ದರು. ವರ್ಷದ ತಿಥಿ ಮುಗಿದ ಮೇಲೆ ಆಯುಧಪೂಜೆಗೆ ಅವನ ಮಗ ಕರೆದ. ಮಗ ಅಲ್ಲೇ ಕಲ್ಲು ಕತ್ತರಿಸುವ ಶೆಡ್ ಇಟ್ಟಿದ್ದಾನೆ. ನಾವಿಬ್ಬರೂ ಎರಡು ಬಸ್ಸು ಬದಲಾಯಿಸಿ ಹೋದೆವು. ಪೂಜೆಗೆ ಮುಂಚೆ ಇವರು ಮೆಲ್ಲಗೆ ಆಲ್ಬಮ್ಮಿನ ವಿಷಯ ಕೇಳಿದರು. ಆ ಹುಡುಗ ಒಳ್ಳೆಯವನೇ. ಅಪ್ಪನ ಹಾಸಿಗೆ, ಬಟ್ಟೆಯ ಜೊತೆಗೆ ಅವತ್ತೇ ಸುಟ್ಟುಬಿಟ್ಟೆವು, ಮಂಚದ ಕೆಳಗೇ ಇದ್ದವಲ್ಲ ಎಂದ. ಸತ್ತವರ ಹಾಸಿಗೆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಅದಕ್ಕೆ ತಗುಲಿಕೊಂಡದ್ದನ್ನೂ ಇಟ್ಟುಕೊಳ್ಳುವುದಿಲ್ಲ. ಅವನದೇನೂ ತಪ್ಪಿಲ್ಲ.

ಅಷ್ಟರಲ್ಲಿ ಶ್ಯಾಮಣ್ಣನ ಹೆಂಡತಿ ದೇವಕ್ಕ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು. ಆ ಶೆಡ್ಡಿನ ಯಂತ್ರಗಳಿಗೆಲ್ಲ ಮೊದಲಿನಿಂದ ಕುಂಕುಮ ಇಟ್ಟವಳು ಅವಳೇ. ಅಭ್ಯಾಸಬಲ. ಅವಳ ಓರಗಿತ್ತಿ ಓಡಿಬಂದು ತಟ್ಟೆಯನ್ನು ಕೈಯಿಂದ ತೆಗೆದುಕೊಂಡು, ನೀನು ಒಳಗೆ ಇರಕ್ಕ ಎಂದಳು. ಬೈದು ಹೇಳಲಿಲ್ಲ, ಮೆತ್ತಗೇ ಹೇಳಿದಳು. ದೇವಕ್ಕ ಬರಿಗೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ವಾಪಸು ಬರುವಾಗ ನರಸಿಂಹಯ್ಯನವರು ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ. ಸುಟ್ಟ ಆಲ್ಬಮ್ಮುಗಳ ಸಂಕಟ ಎಂದುಕೊಂಡೆ.

ಪತ್ರದ ಖಾಲಿ ಜಾಗ ತುಂಬಿಸಲು ಆಮೇಲೆ ನಾವು ಪಟ್ಟ ಪಾಡು ಬೇಡ. ಮೊದಲು ಮುನೀಂದ್ರನನ್ನು ಕೇಳಿದೆವು. ಅವನು ಪೀಣ್ಯ ಎರಡನೇ ಹಂತದಲ್ಲಿ ಕಬ್ಬಿಣಕ್ಕೆ ಬಣ್ಣ ಹಾಕುವ ಸಣ್ಣ ಶೆಡ್ ನಡೆಸುತ್ತಾನೆ, ಮೂಗಿನೊಳಗೂ ಬಣ್ಣದ ಪುಡಿ. ಸುಳ್ಳು ಹೇಳುವುದಿಲ್ಲ, ತಂದು ಅಟ್ಟದ ಮೇಲೆ ಇಡುತ್ತೇನೆ, ಒಂದು ದಿನವೂ ತೆಗೆದು ನೋಡುವುದಿಲ್ಲ ಎಂದ. ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆಮೇಲೆ ಶಾಲೆಯೊಂದಕ್ಕೆ ಹೋದೆವು. ಹೆಡ್ ಮೇಡಂ ಸಂತೋಷಪಟ್ಟು, ಬೀಗವಿಲ್ಲದ ಒಂದು ಕಪಾಟು ತೋರಿಸಿದರು. ಅದರೊಳಗೆ ಹೋದ ವರ್ಷ ಯಾರೋ ಕೊಟ್ಟ ಗ್ಲೋಬು ಎರಡು ಹೋಳಾಗಿ ಬಿದ್ದಿತ್ತು. ನರಸಿಂಹಯ್ಯನವರು ನಮಸ್ಕಾರ ಹಾಕಿ ಹೊರಗೆ ಬಂದರು. ಮೂರು ತಿಂಗಳು ಹೀಗೇ ಕಳೆಯಿತು. ನನ್ನ ಮಂಡಿ ನೋವಿಗೂ ಅವರ ಉಬ್ಬಸಕ್ಕೂ ಸರಿಹೊಂದುವ ಹೊತ್ತು ನೋಡಿ ಹೊರಡುವುದು, ಬೇಡವೆನಿಸಿಕೊಂಡು ಬರುವುದು. ಇಟ್ಟುಕೊಳ್ಳುತ್ತೇನೆ ಎಂದು ಮನಸಾರೆ ಹೇಳುವ ಒಬ್ಬರೇ ಒಬ್ಬರು ಸಿಕ್ಕರೆ ಸಾಕೆನ್ನುತ್ತಿದ್ದರು. ಬೇಕಾದರೆ ನಾನೇ ಇಟ್ಟುಕೊಳ್ಳುತ್ತೇನೆ ಎಂದೆ. ನೀನು ನನಗಿಂತ ಮುಂಚೆ ಹೋಗೋ ಥರ ಕಾಣ್ತೀಯ ಎಂದರು.

ಕೊನೆಗೆ ಮುನೀಂದ್ರನೇ ಫೋನಿನಲ್ಲಿ ಹುಡುಕಿ, ಪೇಟೆಯ ಸ್ಟ್ಯಾಂಪ್ ಕ್ಲಬ್ಬಿನ ಬಸಲಿಂಗ ಎಂಬವರನ್ನು ಮನೆಗೆ ಕರೆಸಿದ. ಬಿಳಿ ಅಂಗಿಯ ನಿಧಾನಸ್ಥ ಮನುಷ್ಯ. ಭೂತಗನ್ನಡಿಯನ್ನೂ ಚಿಮಟವನ್ನೂ ಮೇಜಿನ ಮೇಲಿಟ್ಟುಕೊಂಡು ಒಂದೊಂದೇ ಪುಟ ತಿರುಗಿಸಿದರು. ನರಸಿಂಹಯ್ಯನವರು ಹೆಣ್ಣು ತೋರಿಸುವ ಅಪ್ಪನಂತೆ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಎರಡು ಆಲ್ಬಮ್ಮು ಮುಗಿಯುವಷ್ಟರಲ್ಲಿ ಬಸಲಿಂಗರ ಮುಖ ಸಣ್ಣಗಾಯಿತು.

“ಇದೇನ್ ಸಾರ್ ಕಲೆ?”

ಹಕ್ಕಿಯ ಚಿತ್ರದ ಜರ್ಮನಿ ಸ್ಟ್ಯಾಂಪಿನ ನಟ್ಟನಡುವೆ ಒಣಗಿದ ಹಳದಿ, ಅದರೊಳಗೆ ಕೆಂಪು ಚುಕ್ಕೆ. ಜಪಾನಿನ ಹಡಗಿಗೂ ಒಂದು. ಎಣಿಸುತ್ತ ಹೋದರೆ ಪ್ರತಿ ಆಲ್ಬಮ್ಮಿನಲ್ಲೂ ಮೂರೋ ನಾಲ್ಕೋ. ಉಳಿದದ್ದೆಲ್ಲ ಎಲ್ಲೆಲ್ಲೂ ಸಿಗುವಂಥದ್ದು, ಬೆಲೆಬಾಳುವುದಕ್ಕೇ ಈ ಗತಿಯಾಗಿದೆ, ಯಾರೋ ಆರಿಸಿ ಆರಿಸಿ ಹಚ್ಚಿದಂತಿದೆ ಎಂದು ಆ ಮನುಷ್ಯ ನಿಜವಾಗಿ ನೊಂದುಕೊಂಡರು.

ನನಗೆ ಗೊತ್ತಾಗಿಹೋಯಿತು. ಪೀಣ್ಯದಲ್ಲಿ ಆಯುಧಪೂಜೆಯ ದಿನ ಕುಂಕುಮ ಕಾಣದ ವಸ್ತು ಇಲ್ಲ. ಲೇತಿಗೆ, ಲಾರಿಗೆ, ಟೈಂ ಆಫೀಸಿನ ಪಂಚಿಂಗ್ ಯಂತ್ರಕ್ಕೆ, ಕಸಪೊರಕೆಗೆ ಸಹ. ಮದುವೆಯಾದ ಹೊಸತರಲ್ಲಿ ಅತ್ತಿಗೆ ಮನೆಯ ಕುಡುಗೋಲು, ಈಳಿಗೆಮಣೆ, ಸೈಕಲ್ಲು ಎಲ್ಲ ಸಾಲಾಗಿಟ್ಟು, ನಿಮ್ಮ ಆಯುಧ ಎಲ್ಲಿ ಎಂದು ಗಂಡನನ್ನು ಕೇಳಿದ್ದರಂತೆ. ಟಪಾಲಿನವನಿಗೆ ಯಾವ ಆಯುಧ? ಇವರು ಕೈಗೆ ಸಿಕ್ಕ ಆಲ್ಬಮ್ಮು ತೋರಿಸಿದರು. ರಟ್ಟಿನ ಪ್ಲಾಸ್ಟಿಕ್ಕಿಗೆ ಅರಿಶಿನ ಹಿಡಿಯಲಿಲ್ಲ. ಅತ್ತಿಗೆ ಪುಟ ಬಿಡಿಸಿ ಒಳಗೆ ಇಟ್ಟರು. ಅಲ್ಲಿಂದ ವರ್ಷಕ್ಕೊಂದರಂತೆ ನಲವತ್ತಕ್ಕೂ ಮೇಲೆ.

ಕಾಫಿ ಲೋಟಗಳ ತಟ್ಟೆ ಹಿಡಿದ ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಿದ್ದರು.

“ನನ್ನ ಕೈಯೇ ಸಾರ್,” ಎಂದರು ನರಸಿಂಹಯ್ಯನವರು. “ಊಟ ಮಾಡಿ ಸರಿಯಾಗಿ ತೊಳೀದೆ ಮುಟ್ಟಿದ್ದು.”

ಬಸಲಿಂಗರು ನಂಬಲಿಲ್ಲ, ಆದರೆ ಮರ್ಯಾದಸ್ಥರು, ತಲೆಯಾಡಿಸಿದರು. ಕಲೆಯಾದ ಪುಟಗಳನ್ನು ತೆಗೆದುಹಾಕಿ ಉಳಿದದ್ದನ್ನು ಕ್ಲಬ್ಬಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತೇವೆ, ಯೋಚಿಸಿ ತಿಳಿಸಿ ಎಂದರು. ಮೂರು ತಿಂಗಳು ತಿರುಗಿದ್ದಕ್ಕೆ ಸಿಕ್ಕ ಮೊದಲ ಒಳ್ಳೆಯ ಮಾತು. ಮುನೀಂದ್ರ ಅವರನ್ನು ಬಸ್ ಸ್ಟಾಪಿಗೆ ಬಿಡಲು ಗಾಡಿ ತೆಗೆದ.

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ನಲವತ್ತು ವರ್ಷ ಕಣ್ಣೆದುರೇ ಹಾಳಾಗುತ್ತಿದ್ದರೂ ಒಂದು ಮಾತು ಹೇಳದೆ ಹೇಗಿದ್ದಿರಿ ಎಂದು ಕೇಳಿಯೇಬಿಟ್ಟೆ. ಮೊದಲ ವರ್ಷ ನೋಡಿದ ಕೂಡಲೇ ಹೇಳಬೇಕೆಂದುಕೊಂಡರಂತೆ. ಆದರೆ ಬೆಳಗಿನಿಂದ ಒಂದು ಹನಿ ನೀರೂ ಕುಡಿಯದೆ, ಮಡಿಯುಟ್ಟು, ಕಣ್ಣಿಗೊತ್ತಿಕೊಂಡು ಇಟ್ಟವಳಿಗೆ ಏನು ಹೇಳುವುದು. ಮೊದಲ ವರ್ಷ ಹೇಳದ್ದನ್ನು ಎರಡನೇ ವರ್ಷ ಹೇಳಲು ಬಾಯಿ ಬರಲಿಲ್ಲ. ಆಮೇಲೆ ಅದೇ ವಾಡಿಕೆಯಾಯಿತು.

ಅತ್ತಿಗೆ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಕಾಫಿ ಆರಿಹೋಗಿತ್ತು.

“ಕೆಡ್ತದೆ ಅಂತ ಒಂದ್ ಮಾತು ಹೇಳಿದ್ರೆ ಬಿಡ್ತಿರ್ಲಿಲ್ವಾ ನಾನು? ಎಲ್ಲಿ ಇಡೋದು ಅಂತ ನಂಗೇನ್ ಗೊತ್ತು. ನೀವು ಆ ವರ್ಷ ಯಾವುದನ್ನ ಜಾಸ್ತಿ ಹೊತ್ತು ನೋಡ್ತಿದ್ರೋ ಅದಕ್ಕೇ ಇಡ್ತಿದ್ದೆ.”

ನರಸಿಂಹಯ್ಯನವರು ಹೆಂಡತಿಯ ಮುಖ ನೋಡಿದರು. ನಾನು ನನ್ನ ಚಪ್ಪಲಿ ಎಲ್ಲಿದೆ ಎಂದು ಹುಡುಕಿದೆ. ಆ ಹೊತ್ತಿನಲ್ಲಿ ಹೊರಗಿನವನೊಬ್ಬ ಅಲ್ಲಿರಬಾರದಿತ್ತು. ಆದರೆ ಅವರು ನನ್ನನ್ನು ಬಿಡಲಿಲ್ಲ, ಪತ್ರ ತೆಗಿ ಎಂದರು. ಖಾಲಿ ಜಾಗದಲ್ಲಿ ಈಶ್ವರಮ್ಮನವರ ಹೆಸರು ಬರೆಸಿದರು. ಒಂದು ಪುಟವನ್ನೂ ತೆಗೆಯದೆ ಹನ್ನೊಂದೂ ಅವರಿಗೇ. ಪೂರ್ವದ ಗಡಿಯಲ್ಲಿ ಆ ಹೆಸರನ್ನು ಮೂರು ತಿಂಗಳ ಹಿಂದೆ ಬರೆದವನು ನಾನೇ. ಊರೆಲ್ಲ ಸುತ್ತಿದೆವು, ಗಡಿಯಲ್ಲಿದ್ದವರನ್ನು ಒಂದು ಮಾತು ಕೇಳಲಿಲ್ಲ. ನನಗೆ ನಾಚಿಕೆಯಾಯಿತು.

ಓದಲು ಬಾರದ ತನಗೆ ಯಾಕೆ ಎಂದು ಅತ್ತಿಗೆ ಗೊಣಗಿದರು. ಅದರಲ್ಲಿ ಓದುವುದೇನಿದೆ, ನೋಡುವುದಷ್ಟೇ ಎಂದರು ಇವರು. ಪತ್ರ ಬರೆಯುವವನು ಕೇಳಲೇಬೇಕಾದ್ದನ್ನು ನಾನು ಕೇಳಿದೆ. ಅತ್ತಿಗೆಯ ನಂತರ ಯಾರಿಗೆ?

“ಆಮೇಲೆ ಹಾಸಿಗೆ ಜೊತೆ ಸುಟ್ರೆ ಸುಡ್ಲಿ ಬಿಡು.”

ಮೂರು ತಿಂಗಳಿಂದ ಯಾವುದಕ್ಕೆ ಹೆದರಿ ಓಡಾಡಿದರೋ ಅದನ್ನೇ ಅಷ್ಟು ಸಲೀಸಾಗಿ ಹೇಳಿದರು. ಮುಗಿಯಿತೆಂದು ಪೆನ್ನಿನ ಮುಚ್ಚಳ ಹಾಕಿದೆ. ಇನ್ನೊಂದು ಸಾಲಿದೆ ಎಂದರು. ಉಸಿರು ಸಾಲದೆ ನಿಲ್ಲಿಸಿ ನಿಲ್ಲಿಸಿ, ಪತ್ರದ ಭಾಷೆಯಲ್ಲೇ ಹೇಳಿ ಬರೆಸಿದರು.

‘ನನ್ನ ಮರಣಾನಂತರವೂ ಪ್ರತಿವರ್ಷ ಆಯುಧಪೂಜೆಯ ದಿನ ಸದರಿ ಆಲ್ಬಮ್ಮುಗಳಿಗೆ ನನ್ನ ಪತ್ನಿ ಈಶ್ವರಮ್ಮನವರೇ ತಮ್ಮ ಸ್ವಂತ ಕೈಯಿಂದ ಅರಿಶಿನ ಕುಂಕುಮ ಇಡತಕ್ಕದ್ದು. ಇದಕ್ಕೆ ಮಕ್ಕಳಾಗಲಿ, ನೆಂಟರಾಗಲಿ, ಬೇರೆ ಯಾರೇ ಆಗಲಿ ಅಡ್ಡಿ ಮಾಡಕೂಡದು, ಅವರ ಕೈಯಿಂದ ತಟ್ಟೆ ತೆಗೆದುಕೊಳ್ಳಕೂಡದು.’

ತಟ್ಟೆ ಎಂಬ ಮಾತು ಬರೆಯುವಾಗ ಜಿಗಣಿಯ ಶೆಡ್ಡು ಕಣ್ಣಿಗೆ ಬಂತು. ಅವತ್ತು ಬಸ್ಸಿನಲ್ಲಿ ಇವರು ಬಾಯಿ ಬಿಡದೆ ಕುಳಿತದ್ದು ಯಾವ ಸಂಕಟಕ್ಕೆಂದು ನನಗೆ ಆಗ ತಿಳಿಯಿತು. ಕನ್ನಡಕ ತೆಗೆದು ಒರೆಸಿಕೊಂಡೆ. ಅತ್ತಿಗೆಗೆ ಕೇಳಿಸುವಂತೆ ಪೂರ್ತಿ ಓದಿ ಹೇಳು ಎಂದರು. ಓದಿದೆ.

ಅತ್ತಿಗೆ ಆರಿದ ಕಾಫಿಯ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಎತ್ತಿಟ್ಟುಕೊಂಡರು.

“ಇನ್ನೂ ಕಲೆ ಆಗ್ತದಲ್ಲ,” ಎಂದರು.

“ಆಗ್ಲಿ,” ಎಂದರು ನರಸಿಂಹಯ್ಯನವರು.