ಹಡಗಿನಣ್ಣನ ಗಂಜಿ

ಮೊನ್ನೆ ಜ್ವರ ಬಂದು ಮಲಗಿದ್ದಾಗ ಸೊಸೆ ಬೆಳ್ತಿಗೆ ಅಕ್ಕಿಯ ಗಂಜಿಗೆ ಶುಂಠಿ ಹೆಚ್ಚಿಹಾಕಿ ತಂದಳು. ಆ ಪರಿಮಳ ಮೂಗಿಗೆ ತಾಗಿದ್ದೇ ತಡ, ಕುಂಬಳೆಯ ನಮ್ಮ ನೆರೆಮನೆಯ ಅಣ್ಣ ಎದುರು ಬಂದು ನಿಂತಂತಾಯಿತು. ಕಣ್ಣಲ್ಲಿ ನೀರು ಬಂತು. ಗಂಜಿಯ ಬಿಸಿಗೆ ಇರಬೇಕು ಎಂದಳು ಸೊಸೆ. ನಾನು ಹೌದೆಂದೆ.

ಅವರು ಹಡಗಿನಲ್ಲಿ ಅಡುಗೆಯವರಾಗಿದ್ದವರು. ಎರಡನೇ ಮಹಾಯುದ್ಧ ಮುಗಿದ ಮೇಲೆ, ನಾನು ಮದುವೆಯಾಗಿ ಆ ಊರಿಗೆ ಬಂದ ವರ್ಷವೇ, ಕೆಲಸ ಬಿಟ್ಟು ತಾಯಿಯ ಬಳಿಗೆ ಬಂದಿದ್ದರು. ಊರಿಗೆಲ್ಲ ಹಡಗಿನಣ್ಣ. ಸಂಜೆ ಜಗಲಿಯಲ್ಲಿ ಕೂತು ಚೀನಾದ ಕ್ಯಾಂಟನ್ ಕಡೆಯ ಊಟದ ಕಥೆ ಶುರುಮಾಡಿದರೆ ನಾವು ಹೆಂಗಸರು ಒಲೆಯ ಮೇಲಿನ ಸಾರನ್ನೇ ಮರೆಯುತ್ತಿದ್ದೆವು. ನಮ್ಮ ನೀರುದೋಸೆಯನ್ನು ಹಬೆಯಲ್ಲಿ ಬೇಯಿಸಿದಂಥ ತೆಳು ಹಾಳೆ, ಅದರೊಳಗೆ ಸಿಗಡಿ. ಬಿದಿರೆಲೆಯಲ್ಲಿ ಕಟ್ಟಿ ಬೇಯಿಸಿದ ಅಂಟಕ್ಕಿ. ಮತ್ತೆ ಬೆಳಗ್ಗಿನ ಗಂಜಿ... ಶುಂಠಿ ಹೆಚ್ಚಿಹಾಕಿ, ಅಕ್ಕಿಕಾಳು ಕರಗಿ ಕಾಣದಂತಾಗುವ ತನಕ ಕುದಿಸಬೇಕಂತೆ.

"ಗಂಜಿ ನಮ್ಮಲ್ಲಿಯೂ ಉಂಟು ತಂಗಿ, ಕಾಯುವ ತಾಳ್ಮೆ ಇಲ್ಲ ಅಷ್ಟೆ," ಎನ್ನುತ್ತಿದ್ದರು.

ಬಾಯಿ ತೆರೆದರೆ ನಿಲ್ಲಿಸಲು ತಿಳಿಯದ ಮನುಷ್ಯ. ಒಂದು ಸಂಜೆ, ಅಲ್ಲಿ ಚಳಿಗಾಲಕ್ಕೆ ಹಾವಿನ ಸಾರು ಮಾಡುತ್ತಾರೆ, ತಾನೂ ಒಮ್ಮೆ ಕುಡಿದಿದ್ದೇನೆ ಎಂದುಬಿಟ್ಟರು. ಅದೂ ಎಲ್ಲಿ? ಅಂಗಳದ ಮೂಲೆಯಲ್ಲಿ ನಾಗನ ಕಲ್ಲಿರುವ ಮನೆಯಲ್ಲಿ, ದಿನವೂ ಆ ಕಲ್ಲಿಗೆ ಕೈಮುಗಿಯದೆ ಒಂದು ಗುಟುಕು ನೀರು ಕುಡಿಯದ ತಾಯಿಯ ಎದುರಿನಲ್ಲಿ.

"ಕುಡಿದ ಮೇಲೆ ಗೊತ್ತಾದ್ದು ಅಮ್ಮಾ!"

"ಗೊತ್ತಾದ ಮೇಲೆಯೂ ನಗಾಡಿಕೊಂಡು ಹೇಳ್ತಿಯಲ್ಲ? ಇನ್ನು ನಿನ್ನ ಕೈಯ ನೀರೂ ನನಗೆ ಬೇಡ."

ಅಂದಿನಿಂದ ಒಂದೇ ಮನೆಯಲ್ಲಿ ಎರಡು ಒಲೆ. ಒಂದು ಹಡಗಿನ ಜನಕ್ಕೆ ಬೇಯಿಸಿ ಹಾಕಿದ ಮನುಷ್ಯ ಹೆತ್ತವಳಿಗೆ ಒಂದು ತುತ್ತು ಉಣಿಸಲಾರದೆ ಹೋದರು. ನಾಗನ ಕಲ್ಲಿಗೆ ಹಾಲೆರೆಸಿ ತಪ್ಪುಕಾಣಿಕೆ ಇಟ್ಟರು. ತಾಯಿ ಜಗ್ಗಲಿಲ್ಲ. "ಅಮ್ಮಾ, ಒಂದು ತುತ್ತು..." ಎಂದು ಅವರು ಅಂಗಲಾಚುತ್ತಿದ್ದುದು ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ನನಗೆ ಆ ಮುದುಕಿಯ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು.

ಎರಡನೇ ಮಳೆಗಾಲದಲ್ಲಿ ತಾಯಿ ಹಾಸಿಗೆ ಹಿಡಿದರು. ನಾನು ಬೇಯಿಸಿ ಕೊಂಡುಹೋದದ್ದೂ ಅವರಿಗೆ ಸೇರುತ್ತಿರಲಿಲ್ಲ. ಆಗ ನಾನು ಬಸುರಿ, ಏನು ತಿಂದರೂ ವಾಂತಿ. ನನಗೆಂದು ಹಡಗಿನಣ್ಣ ಒಂದು ಬೆಳಗ್ಗೆ ಕ್ಯಾಂಟನ್ನಿನ ಗಂಜಿ ಮಾಡಿ ಕೊಟ್ಟು, ತಾಯಿಗೆ ಮದ್ದು ತರಲು ಪೇಟೆಗೆ ಹೋದರು. ನನಗೆ ಏನು ಹೊಳೆಯಿತೋ, ಅರ್ಧವನ್ನು ನಮ್ಮ ಪಾತ್ರೆಗೆ ಬಗ್ಗಿಸಿ ತಾಯಿಯ ಹತ್ತಿರ ಕೊಂಡುಹೋದೆ. ಅವರು ಎರಡು ಬಟ್ಟಲು ಉಂಡರು.

"ನಿನ್ನ ಕೈಯಲ್ಲಿ ಇಷ್ಟು ರುಚಿ ಉಂಟಾ ಮಗಳೇ?"

ನಾನು ಹೂಂ ಎಂದೆ. ನಿಜ ಹೇಳಿದರೆ ಅವರು ಉಂಡದ್ದನ್ನೆಲ್ಲ ಕಕ್ಕಿಕೊಂಡಾರು. ಮಗನಿಗೆ ಹೇಳಿದರೆ ಆ ಬಾಯಿಯಲ್ಲಿ ಗುಟ್ಟು ನಿಲ್ಲದು. ತಾಯಿ ಗುಣವಾಗಲಿ, ಆಮೇಲೆ ನೋಡುವ ಎಂದುಕೊಂಡೆ... ನಾಲ್ಕನೇ ದಿನ ಅವರು ತೀರಿಕೊಂಡರು.

ಉತ್ತರಕ್ರಿಯೆಯ ದಿನ ಸತ್ತವರ ಹೆಸರಿನಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸುವುದು ನಮ್ಮಲ್ಲಿಯ ಕ್ರಮ. ಹಡಗಿನಣ್ಣ ಒಲೆಯ ಹತ್ತಿರವೂ ಹೋಗಲಿಲ್ಲ. ನಮ್ಮ ಅಂಗಳಕ್ಕೆ ಬಂದು ತಲೆ ತಗ್ಗಿಸಿ ನಿಂತರು.

"ತಂಗಿ, ಅಮ್ಮನ ಎಲೆಗೆ ನೀನು ಅಡುಗೆ ಮಾಡ್ತಿಯಾ? ನಾನು ಬೇಯಿಸಿದ್ದು ಅವರಿಗೆ ಆಗುದಿಲ್ಲ. ಹಸಿದು ಹೋಗುದು ಬೇಡ."

ಪಕ್ಕದಲ್ಲಿ ಅವರ ಸೋದರಮಾವ, ನನ್ನ ಅತ್ತೆ ಇದ್ದರು. ಸತ್ತವರ ಹಟವನ್ನು ಮೋಸದಿಂದ ಮುರಿಸಿದವಳು ನಾನು ಎಂದು ಅವರೆದುರು ಹೇಳುವ ಧೈರ್ಯ ಬರಲಿಲ್ಲ. "ಆಯ್ತು ಅಣ್ಣ" ಎಂದಷ್ಟೇ ಹೇಳಿ ಅಕ್ಕಿ ತೊಳೆಯಲು ಒಳಗೆ ಹೋದೆ. ಬಡಿಸುವಾಗಲೂ ಅವರು ಪಾತ್ರೆ ಮುಟ್ಟಲಿಲ್ಲ.

ಮರುದಿನ ಬೆಳಗ್ಗೆ ಕುಂಬಳೆ ಸ್ಟೇಷನ್ನಿನಲ್ಲಿ ರೈಲು ಹತ್ತಿದವರು ಮತ್ತೆ ಬರಲಿಲ್ಲ. ಯಾವ ಹಡಗು ಸೇರಿದರೋ, ಎಲ್ಲಿ ತೀರಿಕೊಂಡರೋ...

ಈಗ ಅವರ ತಾಯಿಗಿಂತ ನನಗೇ ಹೆಚ್ಚು ವಯಸ್ಸಾಗಿದೆ. ಅಂದು ನಾನು ಹೆದರಿದ್ದವರಲ್ಲಿ ಒಬ್ಬರೂ ಉಳಿದಿಲ್ಲ. ತಾಯಿ ತನ್ನ ಕೈಯ ಒಂದು ತುತ್ತೂ ಉಣ್ಣದೆ ಹೋದರು ಎಂದು ನಂಬಿಕೊಂಡೇ ಆ ಮನುಷ್ಯ ಊರು ಬಿಟ್ಟರು. ಎರಡು ಬಟ್ಟಲು ಉಂಡಿದ್ದರು ಎಂದು ನಾನು ಹೇಳಲಿಲ್ಲ.